ಪ್ರತಿಕ್ರಿಯೆ: ಆಗಸ್ಟ್ 15ರ ರಜೆಗೆ ಕಾಸ್ ಪಠಾರಕ್ಕೆ ಹೋಗಬಹುದೇ?

ಆಗಸ್ಟ್ 15ಕ್ಕೆ ಮಹಾರಾಷ್ಟ್ರದ ಕಾಸ್ ಪಠಾರಕ್ಕೆ, ಅಂದರೆ ಮಳೆಗಾಲದ ಹೂಗಳಿಗೆ ಹೆಸರಾದ ಪ್ರಸ್ಥಭೂಮಿಗೆ, ಹೋದರೆ ಹೂ ಸಿಗುತ್ತದೆಯೇ, ಮಕ್ಕಳನ್ನು ಹೂವಿನ ನಡುವೆ ಕೂರಿಸಿ ಫೋಟೊ ತೆಗೆಯಬಹುದೇ ಎಂದು ಕೇಳಿದ್ದೀರಿ. ಆ ಹೊತ್ತಿಗೆ ಸಿಗುವುದು ಹೆಚ್ಚಾಗಿ ಮಳೆ, ಮಂಜು. ಸೆಪ್ಟೆಂಬರ್ ಎರಡನೇ ವಾರದ ನಂತರ ಇಟ್ಟುಕೊಳ್ಳಿ, ಶನಿವಾರ-ಭಾನುವಾರ ಬಿಟ್ಟು. ಸಾತಾರಾದಿಂದ ಸುಮಾರು 25 ಕಿ.ಮೀ. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ಟಿಕೆಟ್ ಆನ್‌ಲೈನಿನಲ್ಲಿ ಮೊದಲೇ ಕಾಯ್ದಿರಿಸಿ.

ಹೂವಿನ ನಡುವೆ ಕೂರಿಸುವುದು ಮಾತ್ರ ಖಂಡಿತ ಬೇಡ. ಅದು ಜಂಬಿಟ್ಟಿಗೆ ಕಲ್ಲಿನ ಹಾಸು; ಮೇಲಿನ ಮಣ್ಣು ಎಷ್ಟೋ ಕಡೆ ಬೆರಳುದ್ದವೂ ಇಲ್ಲ. ತುಳಿದರೆ ಅದು ಗಟ್ಟಿಯಾಗಿ, ನೀರು ನಿಲ್ಲುವ ರೀತಿಯೇ ಬದಲಾಗುತ್ತದೆ. ಅಲ್ಲಿನ ಬಹಳಷ್ಟು ಗಿಡಗಳು ಒಂದೇ ಮಳೆಗಾಲ ಬದುಕುವಂಥವು. ಬೀಜ ಕಟ್ಟುವ ಮೊದಲೇ ಮುರಿದರೆ ಮುಂದಿನ ವರ್ಷಕ್ಕೆ ಅಲ್ಲಿ ಬೀಜ ಉದುರುವುದಿಲ್ಲ.

ಬದಲಿಗೆ ಕಾಲುದಾರಿಯ ಅಂಚಿನಲ್ಲೇ ಕುಕ್ಕರಗಾಲಲ್ಲಿ ಕೂತು ಒದ್ದೆ ಜಾಗ ನೋಡಿಸಿ. ನೇರಳೆ ಬಣ್ಣದ ಪುಟ್ಟ ಹೂ ಕಾಣುತ್ತದೆ. ಮರಾಠಿಯಲ್ಲಿ ‘ಸೀತೇಚಿ ಆಸವೆ’, ಅಂದರೆ ಸೀತೆಯ ಕಣ್ಣೀರು, ಯುಟ್ರಿಕ್ಯುಲೇರಿಯಾ ಕುಲದ್ದು. ಎಷ್ಟು ನಾಜೂಕಿನ ಹೂ! ಸಾರಜನಕ ಕಡಿಮೆಯಿರುವ ಮಣ್ಣಾದ್ದರಿಂದ, ನೆಲದಡಿಯ ಸಾಸಿವೆಗಿಂತ ಸಣ್ಣ ಚೀಲಗಳಿಂದ ನೀರಿನ ಸೂಕ್ಷ್ಮಜೀವಿಗಳನ್ನು ಸೆಳೆದು ಜೀರ್ಣಿಸಿಕೊಳ್ಳುತ್ತದೆ. ಚೀಲ ನೋಡಲೆಂದು ಕೀಳಬೇಡಿ, ಗಿಡ ಸಾಯುತ್ತದೆ. ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ ಒಯ್ದರೆ ಹೂವಿನ ತುಟಿಗಳ ಮೇಲಿನ ಗೆರೆಗಳೂ ಕಾಣುತ್ತವೆ.