ಎಲ್ಲರೂ ‘ಕಬಳಿಸಿದ’ರೇ?

ಮಾಲೂರು ಕಡೆಯಿಂದ ‘ಬದು’ ಎಂಬ ಕಥೆ ಕಳಿಸಿದವರಿಗೆ,

ಕಥೆಯನ್ನು ಎರಡು ಸಲ ಓದಿದೆ. ಈಗಿನ ರೂಪದಲ್ಲಿ ಪ್ರಕಟಿಸಲಾರೆ. ತೊಡಕಿರುವುದು ಒಂದೇ ಕ್ರಿಯಾಪದದಲ್ಲಿ. ಗೌಡ ಕೆರೆಯಂಗಳವನ್ನು ಕಬಳಿಸಿದ, ದೊಡ್ಡಪ್ಪ ತಮ್ಮನ ಹೊಲವನ್ನು ಕಬಳಿಸಿದ, ಮುನಿಯಪ್ಪ ಗೋಮಾಳ ಕಬಳಿಸಿದ. ಆರು ಪುಟಗಳಲ್ಲಿ ಹನ್ನೊಂದು ಸಲ!

ಕಬಳ ಎಂದರೆ ತುತ್ತು, ಸಂಸ್ಕೃತದಿಂದ ಬಂದ ಮಾತು. ಕಬಳಿಸುವುದೆಂದರೆ ಇಡಿಯಾಗಿ ಬಾಯಿಗೆ ಹಾಕಿಕೊಳ್ಳುವುದು. ರಾಹು ಚಂದ್ರನನ್ನು ಕಬಳಿಸುವ ಹಾಗೆ. ಪರರ ಸೊತ್ತಿನ ವಿಷಯ ಬಂದರೆ ಕನ್ನಡಕ್ಕೆ ಊಟದ ಮಾತೇ ನೆನಪಾಗುತ್ತದೆ: ನುಂಗಿದ, ಗುಳುಂ ಮಾಡಿದ, ಲಂಚ ತಿಂದ. ಕೊನೆಗೆ ‘ದಕ್ಕಲಿಲ್ಲ’ ಎನ್ನುವುದೂ ಹೊಟ್ಟೆಯ ಮಾತೇ. ಕೆರೆಗೆ ರಾತ್ರೋರಾತ್ರಿ ಬೇಲಿ ಸುತ್ತಿದ ಗೌಡನಿಗೆ ಈ ಪದ ಸರಿ. ಇಂಥದ್ದನ್ನು ತಡೆಯಲು ಕರ್ನಾಟಕ ತಂದ 2011ರ ಕಾಯ್ದೆಯ ಹೆಸರಿನಲ್ಲೂ ‘ಭೂ ಕಬಳಿಕೆ’ ಎಂದೇ ಇದೆ.

ದೊಡ್ಡಪ್ಪ ಮಾಡಿದ್ದು ಅದಲ್ಲ. ಪ್ರತಿ ಮುಂಗಾರಿಗೆ ನೇಗಿಲನ್ನು ಬದುವಿಗೆ ಒತ್ತಿ ಉಳುತ್ತಾನೆ, ಒಂದೊಂದೇ ಗೆರೆ. ಅದಕ್ಕೆ ನಮ್ಮವರು ಇಟ್ಟ ಹೆಸರು ಒತ್ತುವರಿ, ‘ಒತ್ತು’ ಎಂಬುದರಿಂದಲೇ ಹುಟ್ಟಿದ್ದು. ಲೆಕ್ಕ ಹಾಕಿ ನೋಡಿ: 33 ಅಡಿ ಉದ್ದ, 33 ಅಡಿ ಅಗಲ ಸೇರಿದರೆ ಒಂದು ಗುಂಟೆ. 330 ಅಡಿ ಉದ್ದದ ಬದು ಮೂರಡಿ ಚಿಲ್ಲರೆ ಸರಿದರೆ ಗುಂಟೆ ಜಾಗ ಆಚೆಗೆ ಹೋಗಿರುತ್ತದೆ, ಯಾರೂ ಜಗಳವಾಡಿರುವುದಿಲ್ಲ. ನಾಲ್ಕನೆಯ ಪುಟದಲ್ಲಿ ಸರ್ವೆಯವರು ಚೈನು ಎಳೆಯುವಾಗ ದೊಡ್ಡಪ್ಪ ಗಡಿ ತೋರಿಸುವ ಬಾಂದು ಕಲ್ಲಿನ ಮೇಲೆ ಕಾಲಿಟ್ಟು ಬೀಡಿ ಹಚ್ಚುತ್ತಾನಲ್ಲ, ಅಲ್ಲಿ ನನಗೆ ಮೈ ಜುಮ್ಮೆಂದಿತು. ಅಂಥದ್ದನ್ನು ಕಂಡ ಕಣ್ಣು ನಿಮಗಿದೆ. ಮರುಸಾಲಿನಲ್ಲೇ ‘ಹೀಗೆ ಕಬಳಿಸಿದ’ ಎಂದು ಬರೆದು ಆ ಕಾಲನ್ನು ನೀವೇ ಮರೆಮಾಡಿದ್ದೀರಿ.

ಮುನಿಯಪ್ಪನ ವಿಷಯದಲ್ಲಿ ಮಾತ್ರ ನನಗೆ ನೋವಾಯಿತು. ಮೂವತ್ತು ವರ್ಷದಿಂದ ಕಲ್ಲು ಆಯ್ದು ರಾಗಿ ಬೆಳೆದವನು, ಸಾಗುವಳಿ ಸಕ್ರಮ ಮಾಡಿಕೊಡಿ ಎಂದು ಕೇಳುವ ನಮೂನೆ 57ರ ಅರ್ಜಿ ಹಿಡಿದು ತಾಲ್ಲೂಕು ಕಚೇರಿಗೆ ಅಲೆಯುತ್ತಿರುವವನು. ಅವನದು ಬಗರ್ ಹುಕುಂ ಸಾಗುವಳಿ. ಬಗೈರ್ ಎಂದರೆ ‘ಇಲ್ಲದೆ’, ಹುಕುಂ ಎಂದರೆ ಆದೇಶ. ಆದೇಶವಿಲ್ಲದೆ ಉತ್ತ ಎಂದಷ್ಟೇ ಆ ಮಾತು ಹೇಳುತ್ತದೆ, ಕದ್ದ ಎನ್ನುವುದಿಲ್ಲ. ಗೌಡನಿಗೆ ಕೊಟ್ಟ ಪದವನ್ನೇ ಅವನಿಗೂ ಕೊಟ್ಟರೆ ಅವನ ಮೇಲೆ ಇನ್ನೊಂದು ಅನ್ಯಾಯ ಹೊರಿಸಿದ ಹಾಗಾಗುತ್ತದೆ, ಅದೂ ನಿಮ್ಮ ಕೈಯಿಂದ.

ಬಾಂದು ಕಲ್ಲಿನಿಂದಲೇ ಕಥೆ ಶುರು ಮಾಡಿ. ಯುಗಾದಿಯೊಳಗೆ ಕಳಿಸಿ, ಕಾಯುತ್ತಿರುತ್ತೇನೆ.

ಸಂಪಾದಕ, ಕೋಲಾರ