ಕನ್ನಡದಲ್ಲಿ ವೈಜ್ಞಾನಿಕ ಕಥೆ ಬರೆದಿದ್ದೇನೆ, ಪ್ರಕಟಿಸುವುದು ಹೇಗೆ?

ಕಾದಂಬರಿ ಸದ್ಯಕ್ಕೆ ಬದಿಗಿಡಿ, ಸಣ್ಣಕಥೆಯಿಂದ ಶುರು ಮಾಡಿ. ಮಯೂರ, ತುಷಾರದಂಥ ಮಾಸಿಕಗಳಿಗೆ ಕಳಿಸಬಹುದು. ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆಯೂ ಇದೆ. ಒಂದೇ ಕಥೆಯನ್ನು ಒಟ್ಟಿಗೇ ಎರಡು ಕಡೆ ಕಳಿಸಬೇಡಿ. ಎರಡರಲ್ಲೂ ಅಚ್ಚಾದರೆ ಮುಜುಗರ. ಉತ್ತರಕ್ಕೆ ತಿಂಗಳುಗಟ್ಟಲೆ ಕಾಯಬೇಕಾಗಬಹುದು. ಸುಮ್ನೆ ಕೂರದೆ ಮುಂದಿನದು ಬರೆಯಿರಿ.

ಈ ಸಂಪಾದಕರು ಎಲ್ಲ ಬಗೆಯ ಕಥೆ ಓದುವವರು. ಮೊದಲ ಪುಟದಲ್ಲೇ ರಾಕೆಟ್ ಎಂಜಿನ್ ಬಿಚ್ಚಿಟ್ಟರೆ ಪಕ್ಕಕ್ಕಿಡುತ್ತಾರೆ. ಮನುಷ್ಯರ ಪೇಚಾಟ ಮೊದಲು ಬರಲಿ, ಯಂತ್ರ ಆಮೇಲೆ.

ಹತ್ತು ಹನ್ನೆರಡು ಕಥೆಯಾದರೆ ಸಂಕಲನ. ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ಕನ್ನಡ ಪುಸ್ತಕ ಪ್ರಾಧಿಕಾರದಲ್ಲಿದೆ. ಅರ್ಜಿ ಕರೆದಾಗ ಗಮನಿಸಿ. "ದುಡ್ಡು ಕೊಡಿ, ಪುಸ್ತಕ ತರುತ್ತೇವೆ" ಅನ್ನುವವರು ಬರೀ ಪ್ರಿಂಟರು, ಪ್ರಕಾಶಕರಲ್ಲ ಅಲ್ವಾ?