ಅಲಾಸ್ಕಾ ಕರಾವಳಿಯ ಸಣ್ಣ ಹಡಗು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಜುಲೈನಲ್ಲಿ ಜೂನೋದಿಂದ ಸಿಟ್ಕಾವರೆಗೆ ಹೋಗುತ್ತಿದ್ದೇವೆ. ತಿಮಿಂಗಿಲದ ಫೋಟೊ ತೆಗೆಯಹೋದವರಿಗೆಲ್ಲ ಬರೀ ನೀರು ಸಿಕ್ಕಿದೆಯಂತೆ. ನಮ್ಮಲ್ಲಿ 10×42 ಬೈನಾಕ್ಯುಲರ್ ಇದೆ, ಸಾಕೇ?
– ಓದುಗರು, ಮೈಸೂರು

ಉತ್ತರ: ತಿಮಿಂಗಿಲದ ಉಸಿರು ಎಣಿಸಿ. ಅಲ್ಲಿ ಕಾಣುವ ಹಂಪ್‌ಬ್ಯಾಕ್ ತಿಮಿಂಗಿಲ ಮೇಲೆ ಬಂದರೆ ಸಾಮಾನ್ಯವಾಗಿ ಮೂರರಿಂದ ಐದು ಸಲ ಉಸಿರು ಚಿಮ್ಮಿಸುತ್ತದೆ; ಆಗೆಲ್ಲ ಬೆನ್ನು ತುಸುವೇ ಕಾಣುತ್ತದೆ. ಬೆನ್ನು ಕಮಾನಿನಂತೆ ಎತ್ತರಕ್ಕೆ ಬಾಗಿತೆಂದರೆ ಮುಂದಿನ ಕ್ಷಣ ಬಾಲ ಏಳುತ್ತದೆ. ಹೆಚ್ಚಿನವರು ಮೊದಲ ಉಸಿರಿಗೇ ಕ್ಯಾಮೆರಾ ಒತ್ತಿ, ಬಾಲ ಎದ್ದಾಗ ಪರದೆ ನೋಡುತ್ತಿರುತ್ತಾರೆ. ಶಟರ್ ವೇಗ 1/1000 ಸೆಕೆಂಡ್ ಇರಲಿ. ಮುಳುಗಿದ ಮೇಲೆ ಐದು-ಹತ್ತು ನಿಮಿಷ ಬಿಡುವು.

ಕಡಲಹಕ್ಕಿಗಳು ಒಂದೇ ಜಾಗದಲ್ಲಿ ಗಿರಕಿ ಹೊಡೆಯುತ್ತಿದ್ದರೆ ಕಣ್ಣು ಅಲ್ಲೇ ಇರಲಿ. ತಿಮಿಂಗಿಲಗಳು ಅಡಿಯಿಂದ ಗುಳ್ಳೆ ಬಿಟ್ಟು ಹೆರಿಂಗ್ ಮೀನನ್ನು ಸುತ್ತುಗಟ್ಟಿ, ಒಟ್ಟಿಗೇ ಬಾಯಿ ತೆರೆದು ಮೇಲೇಳುವುದು ಆ ಗುಳ್ಳೆಯ ಉಂಗುರದೊಳಗೇ. ಹಡಗು ಇನ್ನೂ ಹತ್ತಿರ ಹೋಗಲಿ ಎಂದು ಕಪ್ತಾನರನ್ನು ಕೇಳಬೇಡಿ. 100 ಗಜದೊಳಗೆ (91 ಮೀಟರ್) ಹೋಗುವುದು ಕಾನೂನಿಗೆ ವಿರುದ್ಧ, ಗ್ಲೇಶಿಯರ್ ಬೇ ಉದ್ಯಾನದ ನೀರಿನಲ್ಲಂತೂ ಅಂತರ ಇನ್ನೂ ಹೆಚ್ಚು.

ಎಂಜಿನ್‌ನಿಂದ ನಡುಗುವ ಡೆಕ್ಕಿನ ಮೇಲೆ 10 ಪಟ್ಟು ಹಿಗ್ಗಿಸುವ ನಿಮ್ಮ ಬೈನಾಕ್ಯುಲರ್‌ನಲ್ಲಿ ಚಿತ್ರ ಕುಣಿಯುತ್ತದೆ. ಹೊಸದಾಗಿ ಕೊಳ್ಳುವುದಾದರೆ 8 ಪಟ್ಟಿನ 8×42 ಕೊಳ್ಳಿ.

ಪ್ರಶ್ನೆ: ಅಲ್ಲಿನ ಮೂಲನಿವಾಸಿಗಳಾದ ಟ್ಲಿಂಗಿಟ್ ಜನರ ಕುಲಮನೆಗೂ ಕರೆದೊಯ್ಯುತ್ತಾರಂತೆ. ಟೋಟೆಮ್ ಕಂಬ ಅವರ ದೇವರೇ? ಹಾಡು-ಕುಣಿತದ ವಿಡಿಯೊ ಮಾಡಬಹುದೇ?
– ಓದುಗರು, ಉಡುಪಿ

ಉತ್ತರ: ದೇವರಲ್ಲ, ಪೂಜೆಯೂ ಇಲ್ಲ. ಕಂಬದಲ್ಲಿ ಕೆತ್ತಿದ ಕರಡಿ, ಹದ್ದು, ರೇವನ್ ಕಾಗೆ ಕುಲದ ಲಾಂಛನಗಳು. ಕುಲದ ಇತಿಹಾಸ ಹೇಳಲು, ಸತ್ತವರ ನೆನಪಿಗೆ ಕಂಬ ನಿಲ್ಲಿಸುತ್ತಾರೆ. ಕಥೆ ಗೊತ್ತಿರುವವರು ಹೇಳದೆ ಬರೀ ಚಿತ್ರ ನೋಡಿ ಅರ್ಥ ಹಚ್ಚಲಾಗದು.

ಅಳಿಯಸಂತಾನದ ಊರಿನವರಾದ ನಿಮಗೆ ಉಳಿದದ್ದು ಬೇಗ ಹಿಡಿಸೀತು. ಮಗು ತಾಯಿಯ ಕುಲಕ್ಕೆ ಸೇರುತ್ತದೆ. ಹುಡುಗರನ್ನು ತಿದ್ದುವ ಹೊಣೆ ಸೋದರಮಾವನದಾಗಿತ್ತು. ಕುಲಗಳೆಲ್ಲ ರೇವನ್, ಹದ್ದು ಎಂಬ ಎರಡು ಪಾಲು. ರೂಢಿಯಂತೆ ಮದುವೆಯಾಗುವ ಹೆಣ್ಣು-ಗಂಡು ಬೇರೆ ಬೇರೆ ಪಾಲಿನವರಾಗಿರಬೇಕು. ನಿಮ್ಮಲ್ಲಿ ಒಂದೇ ಬಳಿಯೊಳಗೆ (ತಾಯಿಯ ಕಡೆಯ ಕುಲದೊಳಗೆ) ಮದುವೆ ಇಲ್ಲವಲ್ಲ, ಹಾಗೆ.

ವಿಡಿಯೊ ವಿಚಾರ ಸೂಕ್ಷ್ಮ. ಹಾಡು, ಕಥೆ, ಲಾಂಛನ ಕುಲದ ಆಸ್ತಿ. ಬೇರೆ ಕುಲದ ಟ್ಲಿಂಗಿಟರೂ ಕೇಳದೆ ಬಳಸುವುದಿಲ್ಲ. ಶುರುವಾಗುವ ಮೊದಲೇ ಕೇಳಿ. ಚಿತ್ರೀಕರಿಸಲು ಒಪ್ಪಿದರೆಂದು ಫೇಸ್‌ಬುಕ್‌ಗೆ ಹಾಕಲೂ ಒಪ್ಪಿದರೆಂದು ತಿಳಿಯಬೇಡಿ, ಅದನ್ನು ಬೇರೆಯೇ ಕೇಳಿ. ಗ್ಲೇಶಿಯರ್ ಬೇಯ ಬಾರ್ಟ್‌ಲೆಟ್ ಕೋವ್‌ನಲ್ಲಿರುವ ಹೂನಾ ಟ್ಲಿಂಗಿಟರ ಕುಲಮನೆ ಬಾಗಿಲು ತೆರೆದದ್ದು 2016ರಲ್ಲಿ. 18ನೇ ಶತಮಾನದಲ್ಲಿ ಮುನ್ನುಗ್ಗಿದ ಹಿಮನದಿ ಇವರ ಹಿರಿಯರನ್ನು ಇಲ್ಲಿಂದ ಎಬ್ಬಿಸಿತ್ತು. ಹಾಗಾಗಿ ಅಲ್ಲಿ ಮಾತಾಡುವವರಿಗೆ ಅದು ತವರು, ಪ್ರದರ್ಶನದ ಜಾಗವಲ್ಲ.

ಪ್ರಶ್ನೆ: ರಬ್ಬರ್ ದೋಣಿಯಿಂದ ಇಳಿಯುವಾಗ ಬೂಟಿಗೆ ನೀರು ತುಂಬದಿರಲು?
– ಓದುಗರು, ಹುಬ್ಬಳ್ಳಿ

ಉತ್ತರ: ಮೊಣಕಾಲೆತ್ತರದ ರಬ್ಬರ್ ಬೂಟು ಹಾಕಿ, ಮಳೆ ಪ್ಯಾಂಟನ್ನು ಅದರ ಹೊರಗೆ ಬಿಡಿ. ಒಳಗೆ ತುರುಕಿದರೆ ಮಳೆನೀರೆಲ್ಲ ಬೂಟಿಗೇ ಇಳಿಯುತ್ತದೆ. ಎರಡೂ ಕೈ ಖಾಲಿ ಇರಲಿ. ಸಿಬ್ಬಂದಿಯ ಅಂಗೈಯನ್ನಲ್ಲ, ಮುಂಗೈಯನ್ನು ಹಿಡಿಯಿರಿ. ಒದ್ದೆ ಅಂಗೈ ಜಾರುತ್ತದೆ. ಕೊಡೆ ಮನೆಯಲ್ಲೇ ಬಿಡಿ.

ಪ್ರಶ್ನೆ: ನೆನಪಿಗೆ ಏನು ತರಬಹುದು?
– ಓದುಗರು, ಬೆಂಗಳೂರು

ಉತ್ತರ: ಬೆಳ್ಳಿ ಬಳೆ, ಮರದ ಕೆತ್ತನೆ, ಸೀಡರ್ ತೊಗಟೆಯ ಹೆಣಿಗೆ ತರಬಹುದು. 'ಸಿಲ್ವರ್ ಹ್ಯಾಂಡ್' ಚೀಟಿ ಇದ್ದರೆ ಅಲಾಸ್ಕಾದ ಮೂಲನಿವಾಸಿಗಳೇ ಮಾಡಿದ್ದು ಎಂದು ನಂಬಬಹುದು. ಕಡಲ ನೀರುನಾಯಿಯ ತುಪ್ಪಳ, ವಾಲ್ರಸ್ ದಂತ ಅಲ್ಲಿ ಕಾನೂನುಬದ್ಧವಾಗಿ ಮಾರಾಟಕ್ಕಿದ್ದರೂ ಪರವಾನಗಿ ಇಲ್ಲದೆ ದೇಶ ದಾಟಿಸುವಂತಿಲ್ಲ. ದಡದಲ್ಲಿ ಬಿದ್ದ ಬೋಳುಹದ್ದಿನ ಗರಿ ಎತ್ತಿಕೊಳ್ಳುವುದೂ ಅಪರಾಧವೇ.